ಅತ್ತೆ ಕುಡಿಯದ ನೀರು

ನಮ್ಮತ್ತೆ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಮೂವತ್ತು ವರ್ಷ ಬಿಸಿನೀರಿಗೆ ಕೈ ಹಾಕಿ ರೇಷ್ಮೆಗೂಡಿನಿಂದ ನೂಲು ತೆಗೆದವರು. ವಯಸ್ಸು ಎಪ್ಪತ್ತೆಂಟಾದರೂ ತಾವು ಮುದುಕಿ ಅಂತ ಒಂದು ದಿನವೂ ಒಪ್ಪಿದವರಲ್ಲ. ಮಂಡಿ ನೋವಾದರೆ ಮೆಡಿಕಲ್ ಸ್ಟೋರಿಗೆ ಹೋಗಿ, 'ಹೋದ ಸಲ ಕೊಟ್ಟಿದ್ಯಲ್ಲ, ಅದೇ ಕೊಡಪ್ಪ' ಅಂತ ಮಾತ್ರೆ ತಂದು ನುಂಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರಿಗೆ ಎರಡು ದಿನ ವಾಂತಿ ಭೇದಿ ಹತ್ತಿತು. ಮೂರನೇ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ದೇವನಹಳ್ಳಿಯ ಆಸ್ಪತ್ರೆಗೆ ಸೇರಿಸಿದೆವು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, "ಮೈಯಲ್ಲಿ ನೀರೇ ಇಲ್ಲ. ಸಾಲದ್ದಕ್ಕೆ ಈ ನೋವಿನ ಮಾತ್ರೆ ಬೇರೆ. ಎರಡೂ ಸೇರಿ ಕಿಡ್ನಿಗೆ ಪೆಟ್ಟು ಕೊಟ್ಟಿವೆ," ಅಂದರು. ಡ್ರಿಪ್ ಹಾಕಿದರು. ಮಾತ್ರೆಯ ಹಾಳೆ ನನ್ನ ಬ್ಯಾಗಿನಿಂದ ಅವರ ಕಸದ ಬುಟ್ಟಿಗೆ ಹೋಯಿತು.

ಎರಡು ದಿನದಲ್ಲಿ ಅತ್ತೆಗೆ ಬಾಯಿ ಬಂತು. ಸಾರಿಗೆ ಉಪ್ಪಿಲ್ಲ, ಫ್ಯಾನಿಗೆ ಗಾಳಿಯಿಲ್ಲ ಅನ್ನತೊಡಗಿದರು. ಪಕ್ಕದ ಮಂಚಕ್ಕೆ ಜಡಿಗೇನಹಳ್ಳಿ ಕಡೆಯ ಅಜ್ಜಿಯೊಬ್ಬರು ಬಂದರು. ಅವರಿಗೆ ಕಿಡ್ನಿಯಲ್ಲಿ ಕಲ್ಲು. ಚೆನ್ನಾಗಿ ನೀರು ಕುಡೀರಿ ಅಂತ ಅವರಿಗೆ ಹೇಳಿದ್ದರು. ಒಂದೇ ಗಂಟೆಯಲ್ಲಿ ಇಬ್ಬರೂ ಹುಟ್ಟಿದ ಊರಿಂದ ಹಿಡಿದು ಸೊಸೆಯರ ಕೈರುಚಿಯವರೆಗೆ ಎಲ್ಲ ಮಾತಾಡಿ ಮುಗಿಸಿದರು.

ಡ್ರಿಪ್ ತೆಗೆದ ಮೇಲೆ ಅತ್ತೆ ಬಾಯಲ್ಲೇ ನೀರು ಕುಡಿಯಬೇಕಿತ್ತು. ಕುಡಿದದ್ದೆಷ್ಟು, ಮೂತ್ರ ಹೋದದ್ದೆಷ್ಟು ಅಂತ ಬರೆಯಲು ನರ್ಸಮ್ಮ ನನಗೊಂದು ಚೀಟಿ ಕೊಟ್ಟರು. ಬಾಟಲಿ ಖಾಲಿಯಾದಾಗಲೆಲ್ಲ ನಾನು ಬರೆದೆ. ಟೈಲರಿಂಗ್ ಮಾಡುವವಳು ನಾನು, ಅಳತೆ ಅಂದರೆ ಅಚ್ಚುಕಟ್ಟು.

ಮಾರನೇ ದಿನ ಡಾಕ್ಟರು ಚೀಟಿ ನೋಡಿದರು, ರಕ್ತದ ರಿಪೋರ್ಟ್ ನೋಡಿದರು, ಮುಖ ಚಿಕ್ಕದು ಮಾಡಿದರು. "ಇಷ್ಟು ಕುಡಿದೂ ಇಷ್ಟೇ ಹೋಗ್ತಿದೆ. ಕಡಿಮೆ ಆಗಿದ್ದ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ರಕ್ತದಲ್ಲಿ ಮತ್ತೆ ಏರಿದೆ. ನಾಳೆ ಬೆಳಗ್ಗೆವರೆಗೆ ನೋಡೋಣಮ್ಮ, ಇಲ್ಲಾಂದ್ರೆ ಬೆಂಗಳೂರಿಗೆ ಕಳಿಸ್ತೀನಿ. ಡಯಾಲಿಸಿಸ್ ಬೇಕಾದ್ರೂ ಬೇಕಾಗಬಹುದು."

ಅತ್ತೆ ಗೋಡೆ ಕಡೆ ತಿರುಗಿಕೊಂಡರು.

ಅಷ್ಟರಲ್ಲಿ ಪಕ್ಕದ ಅಜ್ಜಿ ಎದ್ದು ಕೂತರು. "ಸಾರ್, ಒಂದ್ ಮಾತು. ಆಯಮ್ಮ ಕುಡಿಯೋದೇ ಇಲ್ಲ. ಸೊಸೆ ಆಚೆ ಹೋದ್ ತಕ್ಷಣ ನೀರೆಲ್ಲ ನನ್ನ ಬಾಟ್ಲಿಗೆ ಸುರೀತಾರೆ. ಜಾಸ್ತಿ ಕುಡಿದ್ರೆ ನನ್ನ ಕಲ್ಲು ಹೋಗುತ್ತಲ್ಲ ಅಂತ ಸುಮ್ನಿದ್ದೆ."

ಡಾಕ್ಟರು ಅಜ್ಜಿಯ ಮಂಚಕ್ಕೆ ಸಿಕ್ಕಿಸಿದ್ದ ಅಂಥದ್ದೇ ಚೀಟಿ ತೆಗೆದು ನೋಡಿ, "ಅದಕ್ಕೇ ನಿಮ್ದು ಕಾಲುವೆ ಥರ ಹರೀತಿದೆ!" ಅಂದರು. ನರ್ಸಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನನಗೆ ನಗುವೂ ಬಂತು, ಸಿಟ್ಟೂ ಬಂತು.

"ಯಾಕತ್ತೆ ಹಿಂಗ್ ಮಾಡಿದ್ರಿ?"

ಅತ್ತೆ ಗೋಡೆಯಿಂದ ನನ್ನ ಕಡೆ ತಿರುಗಿದರು. ಆಮೇಲೆ, "ಕುಡಿದ್ರೆ ಎದ್ದು ಹೋಗ್ಬೇಕಲ್ಲಮ್ಮ. ಕಾಲು ನಡುಗ್ತದೆ. ಶಿವರಾತ್ರಿ ಹಿಂದಿನ ವಾರ ಮನೆ ಬಚ್ಚಲಲ್ಲಿ ಬಿದ್ದಿದ್ದೆ. ನಿಂಗೆ ಹೇಳ್ಲಿಲ್ಲ. ಆವಾಗಿಂದ ನೀರು ಕಡಿಮೆ ಮಾಡ್ಬಿಟ್ಟೆ," ಅಂದರು. "ಮಂಚದ ಮೇಲೇ ಪಾತ್ರೆ ಇಡ್ತಾರಂತೆ, ಆ ಮರ್ಯಾದೆಗೇಡು ನಂಗ್ ಬೇಡ."

ಅವರು ಆ ವಾರ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದದ್ದು ನೆನಪಾಯಿತು. 'ಉಳುಕಿದೆ' ಅಂದಿದ್ದರು, ನಾನು ನಂಬಿ ಎಣ್ಣೆ ತಿಕ್ಕಿದ್ದೆ.

ಮಧ್ಯಾಹ್ನ ಫಿಸಿಯೋಥೆರಪಿ ಮೇಡಂ ಬಂದು ಅತ್ತೆ ಕೈಗೆ ಹಿಡಿತದ ಬಲ ಅಳೆಯುವ ಒಂದು ಹಿಡಿಕೆಯ ಯಂತ್ರ ಕೊಟ್ಟು ಒತ್ತಿ ಅಂದರು. ಅತ್ತೆ ಹಲ್ಲು ಕಚ್ಚಿ ಒತ್ತಿದರು. ಮುಳ್ಳು ಅಲುಗಿತೋ ಇಲ್ಲವೋ ಅನ್ನುವಷ್ಟು ಅಲುಗಿತು. ಅತ್ತೆ ತಮ್ಮ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡರು. ಅವತ್ತು ಮೊದಲ ಸಲ ಅವರ ಕಣ್ಣಲ್ಲಿ ನೀರು ಕಂಡೆ.

"ಮೈ ಸೊರಗಿದೆ ಅಜ್ಜಿ, ಅಷ್ಟೇ. ಮಲಗಿದಷ್ಟೂ ಇನ್ನೂ ಸೊರಗುತ್ತೆ," ಅಂದರು ಮೇಡಂ. "ಊಟ ಸರಿಯಾಗಿ ಮಾಡಿ, ದಿನಾ ನಡೀರಿ. ಶಕ್ತಿ ವಾಪಸ್ ಬರುತ್ತೆ."

ನರ್ಸಮ್ಮ ಅತ್ತೆಯನ್ನು ಟಾಯ್ಲೆಟ್ ಪಕ್ಕದ ಮಂಚಕ್ಕೆ ಬದಲಾಯಿಸಿ, ಒಂದು ವಾಕರ್ ತಂದಿಟ್ಟರು. ಜಡಿಗೇನಹಳ್ಳಿ ಅಜ್ಜಿ ತಮ್ಮದೂ ಗಂಟುಮೂಟೆ ಕಟ್ಟಿಕೊಂಡು ಎದುರಿನ ಮಂಚಕ್ಕೆ ಬಂದರು. ಅತ್ತೆ ಒಂದು ದಿನ ಅವರ ಜೊತೆ ಮಾತು ಬಿಟ್ಟಿದ್ದರು. "ಚಾಡಿ ಹೇಳಿದ್ಯಲ್ಲ," ಅಂತ ಶುರುವಾದ ಜಗಳ, "ಏಳು, ಆ ಕಿಟಕಿವರೆಗೆ ಹೋಗ್ಬರೋಣ," ಅನ್ನುವಲ್ಲಿಗೆ ಮುಗಿಯಿತು. ಇಬ್ಬರೂ ವರಾಂಡದಲ್ಲಿ ನಡೆಯುತ್ತಿದ್ದರೆ ಎದುರು ಬಂದವರೆಲ್ಲ ಗೋಡೆಗೆ ಒತ್ತಿ ನಿಲ್ಲಬೇಕು.

ಬೆಂಗಳೂರಿಗೆ ಹೋಗುವುದು ತಪ್ಪಿತು. ನೀರು ನಿಜವಾಗಿಯೂ ಹೊಟ್ಟೆಗೆ ಹೋದ ಮೇಲೆ ಕ್ರಿಯಾಟಿನಿನ್ ದಿನದಿನಕ್ಕೆ ಇಳಿಯಿತು. ಅದಾಗಿ ಆರನೇ ದಿನ ಮನೆಗೆ ಕಳಿಸುವಾಗ ಡಾಕ್ಟರು, ಕಿಡ್ನಿ ಪೂರ್ತಿ ಮೊದಲಿನಂತೆ ಆಗಲಿಕ್ಕಿಲ್ಲ, ಆಗಾಗ ಪರೀಕ್ಷೆ ಮಾಡಿಸಬೇಕು, ಕೇಳದೆ ಯಾವ ಮಾತ್ರೆಯನ್ನೂ ನುಂಗಬಾರದು ಅಂದರು. "ಆಗ್ಲಿ ಸ್ವಾಮಿ," ಅಂದರು ಅತ್ತೆ, ಎಂದೂ ಇಲ್ಲದ ವಿನಯದಲ್ಲಿ.

ಆ ವಾರವೇ ಬಚ್ಚಲ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿದೆವು. ಅತ್ತೆ ಸ್ಟೂಲಿನ ಮೇಲೆ ಕೂತು ಪ್ಲಂಬರಿಗೆ ಎತ್ತರ ಹೇಳಿದರು. ಎರಡು ಸಲ ಬಿಚ್ಚಿಸಿ ಮೂರನೇ ಸಲ ಒಪ್ಪಿದರು. ಈಗ ಅದನ್ನು ನಮ್ಮ ಯಜಮಾನರೂ ಹಿಡಿದುಕೊಂಡೇ ಏಳುತ್ತಾರೆ. ಕೇಳಿದರೆ, "ಗಟ್ಟಿ ಇದ್ಯಾ ಅಂತ ನೋಡ್ತಿದ್ದೆ," ಅನ್ನುತ್ತಾರೆ.