ದುರ್ಗಿ ಟೈಪ್ ಮಾಡಿದ ಹಾಡು

ಕುಮಟಾ ಬಸ್ ಸ್ಟ್ಯಾಂಡಿನ ಹತ್ತಿರ ನಾಗಪತಿಯವರದೊಂದು ಡಿಟಿಪಿ ಅಂಗಡಿ ಇದೆ. ಕಾಗಾಲದ ದುರ್ಗಿ ಅಲ್ಲಿ ಹದಿನಾರು ವರ್ಷದಿಂದ ಟೈಪ್ ಮಾಡುತ್ತಾಳೆ. ಸುತ್ತಲಿನ ಊರುಗಳ ಲಗ್ನಪತ್ರಿಕೆ, ತಹಶೀಲ್ದಾರರಿಗೆ ಹೋದ ಅರ್ಜಿ, ವಕೀಲರ ನೋಟಿಸು ಏನೇ ತೆಗೆದು ನೋಡಿ, ಅರ್ಧಕ್ಕರ್ಧ ಅವಳ ಬೆರಳಿನ ಕೆಳಗೆ ಹಾದುಹೋದದ್ದೇ. ಅವಳು ಕೀಬೋರ್ಡನ್ನೂ ನೋಡುವುದಿಲ್ಲ, ಪರದೆಯನ್ನೂ ನೋಡುವುದಿಲ್ಲ. ಬಂದವರ ಮುಖ ನೋಡುತ್ತ, ಅವರು ಹೇಳಿದ್ದನ್ನು ಹೇಳಿದ ವೇಗದಲ್ಲೇ ಇಳಿಸುತ್ತಾಳೆ. "ತಪ್ಪಿದ್ರೆ ತೋರ್ಸಿ ಕಾಂಬ" ಎಂದು ಕಾಗದವನ್ನು ಮುಂದೆ ಚಾಚುವಾಗ ಅವಳ ಜಂಬ ನೋಡಬೇಕು. ಜಂಬಕ್ಕೆ ಕಾರಣವೂ ಇತ್ತು ಬಿಡಿ. ತಪ್ಪು ತೋರಿಸಿದವರು ತೀರಾ ಕಡಿಮೆ.

ಒಂದೇ ಒಂದು ಕೊರತೆ. ಬೆರಳಿಗೆ ಬಂದದ್ದು ಅವಳ ತಲೆಗೆ ಹತ್ತುವುದಿಲ್ಲ. ಬೆಳಿಗ್ಗೆ ಟೈಪ್ ಮಾಡಿದ ಮದುಮಗಳ ಹೆಸರನ್ನು ಮಧ್ಯಾಹ್ನ ಕೇಳಿದರೆ ಕಣ್ಣು ಕಣ್ಣು ಬಿಡುತ್ತಾಳೆ. ಅರ್ಥದ ಕಡೆ ಮನಸ್ಸು ಕೊಟ್ಟರೆ ಕೈ ನಿಧಾನವಾಗುತ್ತದೆ ಎನ್ನುವುದನ್ನು ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಲಿತಿದ್ದಳು. ಆಮೇಲೆ ಮನಸ್ಸು ಕೊಡುವುದನ್ನೇ ಬಿಟ್ಟಳು.

ಅಂಗಡಿಗೆ ವೈರ್‌ಲೆಸ್ ಕೀಬೋರ್ಡು, ಮೌಸು ಬಂದದ್ದು ಹೆಗ್ಗಣಗಳ ಕೃಪೆಯಿಂದ. ಮೂರು ಮಳೆಗಾಲ ಮೂರು ಸಲ ವಯರು ಕಡಿದು ಹಾಕಿದ ಮೇಲೆ ನಾಗಪತಿ ರೋಸಿಹೋಗಿ, ಕಡಿಯಲು ವಯರೇ ಇಲ್ಲದ್ದನ್ನು ತಂದಿಟ್ಟರು. ಹೊಸದರಲ್ಲಿ ಅದರದ್ದೂ ಕಾಟ ಇತ್ತು. ಕಡಲ ಗಾಳಿಗೆ ಸೆಲ್ಲು ಕೂರುವ ಸ್ಪ್ರಿಂಗು ತುಕ್ಕು ಹಿಡಿಯುತ್ತಿತ್ತು. ದುರ್ಗಿ ಅದನ್ನು ಸೆರಗಿನಲ್ಲಿ ಉಜ್ಜಿ, ಬೆನ್ನಿಗೆರಡು ಪೆಟ್ಟು ಕೊಟ್ಟು ಸರಿಮಾಡುತ್ತಿದ್ದಳು. ಒಂದು ದಿನ ಕಂಪ್ಯೂಟರಿಗೆ ಸಿಕ್ಕಿಸುವ ಉಗುರಿನಷ್ಟು ಸಣ್ಣ ರಿಸೀವರುಗಳು ಅದಲುಬದಲಾಗಿ, ದುರ್ಗಿ ಹೊಡೆದ "ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ" ಎಂಬ ಸಾಲು ಪಕ್ಕದ ಮೇಜಿನ ದಿವ್ಯಶ್ರೀಯ ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಕೆಳಗೆ ಹೋಗಿ ಕೂತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದು ನಗುವ ಬದಲು, ಹೊಡೆದದ್ದು ಎಲ್ಲಿ ಹೋಗಿ ಬೀಳುತ್ತದೆಂದು ಒಂದು ಗಳಿಗೆ ಯೋಚಿಸಿದ್ದರೆ ಚೆನ್ನಾಗಿತ್ತು ಎಂದು ದುರ್ಗಿಗೆ ಈಗ ಅನ್ನಿಸುತ್ತದೆ.

ದುರ್ಗಿಯ ತಾಯಿ ಹೊನ್ನಿ. ಕಾಗಾಲದಲ್ಲಿ ತುಂಡು ಗದ್ದೆ, ಬೇಸಿಗೆಯಲ್ಲಿ ನೀರುಳ್ಳಿ ಬೆಳೆ, ತಾಯಿ ಮಗಳು ಇಬ್ಬರದೇ ಸಂಸಾರ. ದುರ್ಗಿಗೆ ಮದುವೆ ಯಾಕೋ ಕೂಡಿಬರಲಿಲ್ಲ. ಹೊನ್ನಿಗೆ ಓದು ಬರಹ ಬಾರದು, ಹಾಡು ಮಾತ್ರ ಎಷ್ಟು ಬರುತ್ತಿತ್ತೆಂದು ಅವಳಿಗೇ ತಿಳಿಯದು. ಅದರಲ್ಲಿ ಹೊಳೆಯಾಚೆಗೆ ಮದುವೆ ಮಾಡಿಕೊಟ್ಟ ತಂಗಿಯೊಬ್ಬಳ ಕತೆಯದೊಂದು ಹಾಡು. ಹಿಡಿದರೆ ಮಧ್ಯಾಹ್ನದಿಂದ ಸಂಜೆಯ ತನಕ ಸಾಗುವಷ್ಟು ಉದ್ದ. ಅದನ್ನು ಪೂರ್ತಿ ಬಲ್ಲವರು ಹೊನ್ನಿ ಮತ್ತು ಅವಳ ತಂಗಿ ನಾಗು ಇಬ್ಬರೇ. ಒಬ್ಬಳು ಸಾಲು ಎತ್ತಿದರೆ ಇನ್ನೊಬ್ಬಳು ಮರಳಿ ಹೇಳುತ್ತಿದ್ದಳು. ನಾಗು ತೀರಿಕೊಂಡ ಮೇಲೆ ಯಾರೋ ಫೋನಿನಲ್ಲಿ ಹಿಡಿದಿಟ್ಟಿದ್ದ ಅವಳ ಸ್ವರವನ್ನು ಹಾಕಿ ಕೇಳಿಸಿದರು. ಹೊನ್ನಿ ಎದ್ದು ಅಂಗಳಕ್ಕೆ ಓಡಿ "ನಾಗೂ" ಎಂದು ಕೂಗಿದಳು. ಮೂರು ದಿನ ಅನ್ನ ಮುಟ್ಟಲಿಲ್ಲ.

ಹೋದ ವರ್ಷ ಹೊನ್ನಿಯ ಗಂಟಲಲ್ಲಿ ಗಂಟು ಕಾಣಿಸಿತು. ದೊಡ್ಡಾಸ್ಪತ್ರೆಯ ಡಾಕ್ಟರು ದುರ್ಗಿಯನ್ನು ಹೊರಗೆ ಕರೆದು, ಜೀವ ಉಳಿಯುತ್ತದೆ, ಸ್ವರ ಉಳಿಯುವುದಿಲ್ಲ ಎಂದರು. ಆಪರೇಶನ್ನಿಗೆ ಒಂದು ವಾರವಿತ್ತು. ಊರಿಗೆ ಮರಳುವ ಬಸ್ಸಿನಲ್ಲಿ ದುರ್ಗಿಗೆ ಮೊದಲು ನೆನಪಾದದ್ದು ಆ ಹಾಡು.

"ಫೋನಲ್ಲಿ ಹಿಡ್ಕಂತೆ ಅವ್ವಿ, ನೀ ಬರೀ ಹಾಡು."

"ನನ್ ಸ್ವರ ಹಿಡೂದು ಬೇಡ. ನಾಳೆ ಅದ್ನ ಕೇಂಡ್ಕಂಡು ನೀ ಅಂಗಳಕ್ಕೆ ಓಡೂದು ಬೇಡ. ಬರ್ಕಂಬುದಾದ್ರೆ ಬರ್ಕ."

ಕೈಯಲ್ಲಿ ಬರೆಯುವುದು ಆಗದ ಮಾತು. ಹೊನ್ನಿಯ ಹಾಡು ನಡುವೆ ನಿಲ್ಲುವಂಥದ್ದಲ್ಲ, ತಡೆದರೆ ಎಳೆ ಕಡಿದು ಮತ್ತೆ ಮೊದಲಿನಿಂದ ಬರಬೇಕು. ನಾಗಪತಿ ಅಂಗಡಿಯ ಹಳೆಯ ಕಂಪ್ಯೂಟರನ್ನೂ ವಯರಿಲ್ಲದ ಕೀಬೋರ್ಡನ್ನೂ ಕಾರಿನಲ್ಲಿ ತಾವೇ ತಂದು, ಪ್ಲಗ್ಗು ಇದ್ದ ಒಳಕೋಣೆಯಲ್ಲಿ ಜೋಡಿಸಿಕೊಟ್ಟರು. ಒಳಗೆ ಕೂತು ಹಾಡಲು ಹೊನ್ನಿಗೆ ಬರಲಿಲ್ಲ. ಕೈಗೆ ಕೆಲಸವಿಲ್ಲದೆ ಅವಳ ಬಾಯಿಗೆ ಪದ ಬಾರದು. ಅಂಗಳದಲ್ಲಿ ಕಿತ್ತು ಒಣಗಿಸಿದ ನೀರುಳ್ಳಿಯ ರಾಶಿಯಿತ್ತು. ಅದರ ಸೊಪ್ಪನ್ನು ಜಡೆ ಹೆಣೆದು ಗೊಂಚಲು ಕಟ್ಟುತ್ತ ಹಾಡುತ್ತೇನೆ ಎಂದಳು. ದುರ್ಗಿ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಿಂದ ತನ್ನ ಹೆಸರು ಹೊಡೆದಳು, ಒಳಗೆ ಹೋಗಿ ನೋಡಿದಳು. ಸರಿಯಾಗಿ ಬಿದ್ದಿತ್ತು. ಅಷ್ಟೇ ಸಾಕೆಂದುಕೊಂಡಳು.

ಹೊನ್ನಿ ಎತ್ತಿದಳು:

ಹೊಳಿಯಾಚೆ ಕೊಟ್ಟಾರೆ ಕಿರಿತಂಗಿ ನಿನ್ನಾನ
ದೋಣಿ ಬಂದಾವೇನೆ ನೋಡು ಮಗಳೇ

ದುರ್ಗಿಯ ಬೆರಳು ಓಡಿತು. ಗಂಟಲು ನೋಯುತ್ತಿದ್ದರೂ ಹೊನ್ನಿ ತನ್ನ ಸಾಲನ್ನೂ ಹೇಳಿದಳು, ನಾಗುವಿನ ಸಾಲನ್ನೂ ಹೇಳಿದಳು. ಬಿಸಿಲು ವಾಲಿದಂತೆ ಜಗಲಿಯ ಬುಡದ ನೆರಳು ಸರಿಯಿತು. ನೀರುಳ್ಳಿಗೆಲಸದವರು ನೆರಳಿನ ಜೊತೆಗೇ ಸರಿಯುವವರು. ಹೊನ್ನಿ ಹಾಡು ಬಿಡದೆ ಮೊರವನ್ನೆಳೆದುಕೊಂಡು ಮಾವಿನ ಬುಡಕ್ಕೆ ಹೋದಳು, ಅಲ್ಲಿಂದ ಕೊಟ್ಟಿಗೆಯ ಗೋಡೆಯ ಹಿಂದಕ್ಕೆ, ಅಲ್ಲಿಂದ ಗದ್ದೆಯ ಬದುವಿಗೆ. ದುರ್ಗಿ ಕೀಬೋರ್ಡು ಹಿಡಿದು ಹಿಂದೆ ಹಿಂದೆ ಹೋದಳು. ಮಕ್ಕಳು ತಾಯಿಯ ಸೆರಗು ಹಿಡಿದು ಹೋದ ಹಾಗೆ. ಒಳಕೋಣೆಗೂ ತನಗೂ ನಡುವೆ ಕೆಂಪು ಚಿರೆಕಲ್ಲಿನ ಎರಡು ದಪ್ಪ ಗೋಡೆ, ಇಡೀ ಅಂಗಳ ಬಂದಿದ್ದು ಅವಳ ಗಮನಕ್ಕೆ ಬರಲಿಲ್ಲ. ಒಂದು ಸಲವಾದರೂ ಎದ್ದುಹೋಗಿ ಪರದೆ ನೋಡಬಾರದಿತ್ತೇ? ನೋಡದೆ ಹೊಡೆಯುವುದೇ ಅವಳ ಹೆಚ್ಚುಗಾರಿಕೆಯಲ್ಲವೇ! ಅವಳು ಅವ್ವಿಯ ಮುಖ ನೋಡುತ್ತಿದ್ದಳು. ತಂಗಿ ಕಡೆಯ ಸಲ ದೋಣಿ ಹತ್ತುವಲ್ಲಿ ಹೊನ್ನಿಯ ಕಣ್ಣಲ್ಲಿ ನೀರಿಳಿಯಿತು. ದುರ್ಗಿಯ ಬೆರಳು ಒಂದಕ್ಷರವನ್ನೂ ಬಿಡಲಿಲ್ಲ.

ಸಂಜೆ ಹಾಡು ಮುಗಿದಾಗ ಹೊನ್ನಿಯ ಸ್ವರ ಪೂರ್ತಿ ಕಟ್ಟಿಹೋಗಿತ್ತು. ದುರ್ಗಿ ಒಳಗೆ ಹೋದಳು. ಪರದೆಯ ಮೇಲೆ ಅವಳ ಹೆಸರಿನ ಕೆಳಗೆ ಹನ್ನೊಂದು ಸಾಲುಗಳಿದ್ದವು. ಆಮೇಲೆ ಅಲ್ಲೊಂದು ಇಲ್ಲೊಂದು ಮುರುಕು ಅಕ್ಷರ. ಆಮೇಲೆ ಏನೂ ಇಲ್ಲ. ಜಗಲಿ ದಾಟಿದ ಮೇಲೆ ಹೊಡೆದ ಅಕ್ಷರ ರಿಸೀವರಿಗೆ ಮುಟ್ಟಿರಲೇ ಇಲ್ಲ. ಮೌಸನ್ನು ಕೆಳಕ್ಕೆ ಉರುಳಿಸಿದಳು, ಮೇಲಕ್ಕೆ ಉರುಳಿಸಿದಳು. ನೆನಪಿನಿಂದಾದರೂ ಹೊಡೆಯೋಣವೆಂದು ಕೂತಳು. ಹನ್ನೆರಡನೆಯ ಸಾಲು ಬರಲಿಲ್ಲ. ನಾಲ್ಕು ತಾಸು ಎದುರಿಗೇ ಕೂತು ಕೇಳಿದ ಹಾಡು ಬೆರಳಿನಿಂದ ಸೋರಿಹೋಗಿತ್ತು. ಆ ಗಳಿಗೆಯಲ್ಲಿ ತನ್ನ ಕೈಗಳ ಮೇಲೆ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹೊನ್ನಿ ಬಾಗಿಲಿಗೆ ಬಂದು ನಿಂತು ಪಿಸುಗುಟ್ಟಿದಳು. "ಎಲ್ಲಾ ಬಂತನೆ?"

"ಬಂತು ಅವ್ವಿ."

ಹೊನ್ನಿ ನಕ್ಕಳು. ಕಟ್ಟಿದ ಗಂಟಲನ್ನು ಇನ್ನೊಮ್ಮೆ ಹಾಡು ಎಂದು ದುರ್ಗಿ ಹೇಗೆ ಕೇಳಿಯಾಳು? ಮರುದಿನ ಕೇಳೋಣವೆಂದುಕೊಂಡಳು. ಮರುದಿನವೂ, ಆಸ್ಪತ್ರೆಗೆ ಸೇರುವ ದಿನದವರೆಗೂ ಕಟ್ಟಿದ ಸ್ವರ ಬಿಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹೊನ್ನಿ ಚೇತರಿಸಿಕೊಂಡಿದ್ದಳು. ಕುತ್ತಿಗೆಯಲ್ಲೊಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಒಂದು ಮಧ್ಯಾಹ್ನ ಅವಳು ಮಗಳನ್ನು ಹತ್ತಿರ ಕರೆದು, ಬೆರಳಿನಿಂದ ಗಾಳಿಯಲ್ಲಿ ಬರೆದು, ಕಿವಿ ಮುಟ್ಟಿ ತೋರಿಸಿದಳು. ಓದು, ಕೇಳುತ್ತೇನೆ ಎಂದು. ದುರ್ಗಿ ಎಷ್ಟು ದಿನವೆಂದು ತಪ್ಪಿಸಿಕೊಂಡಾಳು? ಉಳಿದಷ್ಟನ್ನು ಪ್ರಿಂಟು ತೆಗೆದಿಟ್ಟ ಹಾಳೆ ತಂದಳು. ಹನ್ನೊಂದು ಸಾಲು ಓದಿದಳು. ಹೊನ್ನಿ ತಲೆದೂಗುತ್ತ ಮುಂದಿನದಕ್ಕೆ ಕಾದಳು. ದುರ್ಗಿ ಹಾಳೆಯನ್ನು ಮಡಿಲಿಗಿಳಿಸಿದಳು. ಹೊನ್ನಿ ಹಾಳೆಯನ್ನು ತಾನೇ ತೆಗೆದುಕೊಂಡು ತಿರುಗಿಸಿ ನೋಡಿದಳು. ಓದಲು ಬಾರದಿದ್ದರೂ ಖಾಲಿ ಹಾಳೆ ಯಾರಿಗೆ ತಿಳಿಯದು? ಮಗಳ ಕೈಯಲ್ಲಿ ಬೇರೆ ಹಾಳೆ ಇದೆಯೇ ಎಂದು ಹುಡುಕಿದಳು.

"ಹೋಯ್ತು ಅವ್ವಿ," ಎಂದು ದುರ್ಗಿ ಬಿಕ್ಕಿದಳು. "ಒಂದೂ ಉಳಿಲಿಲ್ಲ. ನಾ ನೋಡ್ಲಿಲ್ಲ."

ಹೊನ್ನಿ ಬಯ್ಯುವ ಹಾಗೆ ಮುಖ ಮಾಡಲಿಲ್ಲ. ಮಗಳ ಕೆನ್ನೆ ಒರೆಸಿದಳು. ಗೋಡೆಯ ಗೂಡಿನಿಂದ ಪೆನ್ನು ತೆಗೆದು ಅವಳ ಕೈಯಲ್ಲಿಟ್ಟು, ಹಾಳೆಯ ಖಾಲಿ ಬದಿಯನ್ನು ತಟ್ಟಿ ತೋರಿಸಿದಳು. ನೆಟ್ಟಗೆ ಕೂತಳು. ಕಣ್ಣು ಮುಚ್ಚಿಕೊಂಡು ಹನ್ನೆರಡನೆಯ ಸಾಲಿನಿಂದ ತುಟಿ ಆಡಿಸತೊಡಗಿದಳು, ಮಗಳಿಗೆ ಬರೆದುಕೊಳ್ಳಲು ಸಿಗಲಿ ಎಂದು ನಿಧಾನವಾಗಿ. ಸ್ವರವಿಲ್ಲ, ಬಟ್ಟೆಯ ಕೆಳಗೆ ಉಸಿರು ಹೋಗಿ ಬರುವುದಷ್ಟೇ ಕೇಳುತ್ತಿತ್ತು. ಒಂದು ಕಡೆ "ದೋಣಿ" ಅಂದ ಹಾಗೆ ಕಂಡಿತು. ಇನ್ನೊಂದು ಕಡೆ ಏನೆಂದು ತಿಳಿಯಲಿಲ್ಲ. ಅವ್ವಿಯ ತುಟಿ ನಿಲ್ಲುವ ತನಕ ದುರ್ಗಿ ತಲೆ ತಗ್ಗಿಸಿ, ಬರೆದುಕೊಳ್ಳುವವಳ ಹಾಗೆ ಪೆನ್ನನ್ನು ಹಾಳೆಯ ಮೇಲೆ ಆಡಿಸುತ್ತಲೇ ಇದ್ದಳು.