ಟೆಂಪೋ ಎದೆಯ ಬಿಳಿ ಕಾರು

ಆ ಕಾರು ಕೊಳ್ಳುವ ಮೊದಲು ಅದರ ಕಾಗದಪತ್ರಗಳನ್ನು ಓದಿದಷ್ಟು ಶ್ರದ್ಧೆಯಿಂದ ನಾನು ನನ್ನ ಕಕ್ಷಿದಾರರ ಫೈಲುಗಳನ್ನೂ ಓದಿದವಳಲ್ಲ. ತರೀಕೆರೆ ಕೋರ್ಟಿನಲ್ಲಿ ವಕೀಲಿ ಮಾಡಿಕೊಂಡಿರುವವಳು ನಾನು. ಕಾಗದ ಸರಿಯಿದ್ದರೆ ಲೋಕವೇ ಸರಿಯಿದೆ ಎಂದು ನಂಬಿಸುವ ಕಸುಬು ಅದು. ಕಾರು ಕಡೂರಿನ ಒಬ್ಬ ನಿವೃತ್ತ ಕಂಟ್ರಾಕ್ಟರದು. ಹಿರೇನಲ್ಲೂರಿನ ತಮ್ಮ ಹೊಲದ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಮಾಲೀಕತ್ವ, ತೆರಿಗೆ, ವಿಮೆ ಎಲ್ಲ ನೋಡಿದೆ. ಹಳೆಯ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಸಂಗತಿಯೂ ಆರ್‌ಸಿಯಲ್ಲಿ ಕ್ರಮವಾಗಿ ನಮೂದಾಗಿತ್ತು. ದುಡ್ಡು ಕೊಟ್ಟೆ, ಸಹಿ ಹಾಕಿದೆ. ಆಮೇಲೆ ಮೊದಲ ಸಲ ಚಾವಿ ತಿರುಗಿಸಿದೆ.

ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಂದೇ ಸಲಕ್ಕೆ ಎದ್ದು ಹೋದವು.

"ಟೆಂಪೋ ಎಂಜಿನ್ನು ಕಣಮ್ಮ. ಲೋಡ್ ಹೊಡ್ಯೋ ಟೆಂಪೋದು," ಎಂದರು ಕಂಟ್ರಾಕ್ಟರು, ನನ್ನ ಕಿವಿಯ ಹತ್ತಿರ ಬಂದು ಕೂಗಿ. "ಭಾರೀ ಗಟ್ಟಿ. ಒಂದ್ಸಲ ಸ್ಟಾರ್ಟ್ ಆಯ್ತು ಅಂದ್ರೆ ಮುಗೀತು!"

ನಾನು ಕಡೂರಿನಲ್ಲಿ ಪಿಯುಸಿ ಓದುವಾಗ ಬಸ್ ಸ್ಟ್ಯಾಂಡಿನ ಮುಂದೆ ಇಂಥದೇ ಒಂದು ಬಿಳಿ ಕಾರು ಹಾದುಹೋಗುತ್ತಿತ್ತು. ಉದ್ದ ಮೂತಿ, ಅಗಲವಾದ ಹಿಂಭಾಗ, ಕಪ್ಪು ಗಾಜು. ಸರ್ಕಲ್ಲಿನಲ್ಲಿ ತಿರುಗುವಾಗ ಅದಕ್ಕೆ ಆತುರವೇ ಇರುತ್ತಿರಲಿಲ್ಲ. ಬಸ್ಸಿನ ಕಿಟಕಿಗೆ ಟವೆಲ್ ಎಸೆದು ಸೀಟು ಹಿಡಿಯಲು ಹೊಡೆದಾಡುತ್ತಿದ್ದ ನನಗೆ, ಮನುಷ್ಯರು ಹೀಗೂ ಪ್ರಯಾಣ ಮಾಡಬಹುದಲ್ಲ ಎನ್ನಿಸುತ್ತಿತ್ತು. ಆ ಗತ್ತು ಐವತ್ತರ ಆಸುಪಾಸಿನಲ್ಲಿ ನನ್ನ ಪಾಲಿಗೆ ಬಂತು. ಹೊರಮೈ ಮಾತ್ರ.

ಮನೆಗೆ ತಂದ ದಿನ ಅತ್ತೆ ಆರತಿ ತಟ್ಟೆ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದರು. ಶಬ್ದ ಕೇಳಿ ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಶಬ್ದ ಬರುತ್ತಿರುವುದು ಸೊಸೆಯ ಕಾರಿನಿಂದಲೇ ಎಂದು ಖಾತ್ರಿಯಾದ ಮೇಲೆ ತಟ್ಟೆ ಕೆಳಗಿಟ್ಟರು.

"ನೋಡಕ್ಕೆ ದಸರಾ ಆನೆ ಕಣೇ. ಕೂಗೋದು ಮಾತ್ರ ಹಿಟ್ಟಿನ ಮಿಲ್ಲು," ಎಂದರು. ಆಮೇಲೆ ಆರತಿ ಎತ್ತಿದರು.

ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟ್ರು. ಬೈಕ್ ಬಿಟ್ಟು ಬೇರೆ ವಾಹನ ಹತ್ತುವವರಲ್ಲ. "ನೀನು ಮುಂದೆ ಹೋಗು, ನಾನು ಹಿಂದ್ಗಡೆ ಬೈಕಲ್ಲಿ ಬತ್ತೀನಿ. ಒಬ್ರಾದ್ರೂ ಮನೆ ಸೇರ್ಬೇಕಲ್ಲ," ಎನ್ನುವುದು ಅವರ ವಾದ. ಇಷ್ಟು ವರ್ಷ ವಾದ ಮಾಡಿಯೇ ಅನ್ನ ತಿಂದಿರುವ ನನ್ನ ಹತ್ತಿರ ಇದಕ್ಕೆ ಇವತ್ತಿಗೂ ಪ್ರತಿವಾದವಿಲ್ಲ.

ಮೊದಲ ವಾರವೇ ಒಂದು ಜಾಗದ ತಕರಾರು ನೋಡಲು ಅಮೃತಾಪುರಕ್ಕೆ ಹೊರಟಿದ್ದೆ. ಕರಿ ಕೋಟು ಹಾಕಿಕೊಂಡು, ಕತ್ತು ನೆಟ್ಟಗೆ ಮಾಡಿಕೊಂಡು ಕೂತಿದ್ದೆ. ಊರು ದಾಟಿದ ಮೇಲೆ ರಸ್ತೆ ಪಕ್ಕ ಒಬ್ಬ ಅಜ್ಜಿ ನನ್ನ ಕಡೆ ಬೆನ್ನು ಹಾಕಿ ಯಾರೊಡನೆಯೋ ಮಾತಾಡುತ್ತಿದ್ದರು. ನನ್ನ ಎಂಜಿನ್ನಿನ ಸದ್ದು ಕೇಳಿದ್ದೇ, ತಿರುಗಿಯೂ ನೋಡದೆ ಕೈ ಅಡ್ಡ ಹಾಕಿದರು. ನಿಲ್ಲಿಸಿದೆ. ತಿರುಗಿ ನೋಡಿ ಬೆಚ್ಚಿಬಿದ್ದರು.

"ಅಯ್ಯೋ, ಲಗೇಜ್ ಟೆಂಪೋ ಅಂದ್ಕಂಡೆ ಕಣವ್ವಾ!"

"ಪರವಾಗಿಲ್ಲ ಅಜ್ಜಿ, ಹತ್ತಿ."

ಅಜ್ಜಿ ಹತ್ತಿದರು. ಹಿಂದಿನ ಸೀಟಿಗೆ ಅವರ ಎರಡು ಮೂಟೆ ರಾಗಿಯೂ ಹತ್ತಿತು. ಇಳಿಯುವಾಗ ಹತ್ತು ರೂಪಾಯಿ ಕೊಡಲು ಬಂದರು. ಬೇಡ ಎಂದಿದ್ದಕ್ಕೆ, "ಹೊಸಾ ಡ್ರೈವರ್ ಇರ್ಬೇಕು," ಎಂದು ಹೇಳಿಕೊಂಡು ಹೋದರು.

ಅವತ್ತೇ ತೀರ್ಮಾನಿಸಿದೆ: ಇದನ್ನು ಸುಧಾರಿಸಬೇಕು.

ಸುಧಾರಣೆ ಕನ್ನಡಿಯಿಂದ ಶುರುವಾಯಿತು. ಎಂಜಿನ್ ಎಷ್ಟು ನಡುಗುತ್ತಿತ್ತೆಂದರೆ ಒಳಗಿನ ಕನ್ನಡಿಯಲ್ಲಿ ಹಿಂದೆ ಬರುವ ಒಂದು ಲಾರಿ ಮೂರಾಗಿ ಕಾಣುತ್ತಿತ್ತು. ನಾನು ಕನ್ನಡಿ ಬದಲಿಸಿದೆ. ಹೊಸ ಕನ್ನಡಿಯಲ್ಲೂ ಮೂರೇ ಲಾರಿ. ನಮ್ಮ ಬೀದಿ ತುದಿಯ ಮೆಕ್ಯಾನಿಕ್ಕಿಗೆ ಮೂರನೆಯ ಕನ್ನಡಿ ಜೋಡಿಸಲು ಹೇಳಿದಾಗ ಆತ ಬಾನೆಟ್ ಎತ್ತಿ, ಎಂಜಿನ್ ಕೂರಿಸಿದ್ದ ರಬ್ಬರುಗಳು ಸೀದ ಒಬ್ಬಟ್ಟಿನ ಹಾಗೆ ಒಣಗಿರುವುದನ್ನು ತೋರಿಸಿದ. ಅವನ್ನು ಬದಲಿಸಿದ ಮೇಲೆ ನಡುಕ ನಿಂತಿತು. ಆ ಸಂಜೆ ಒಬ್ಬಳೇ ಅಜ್ಜಂಪುರದ ರಸ್ತೆಯಲ್ಲಿ ಸ್ವಲ್ಪ ದೂರ ಹೋದೆ. ಕನ್ನಡಿಯಲ್ಲಿ ಹಿಂದಿನ ಬೆಟ್ಟಸಾಲು ಅಲುಗಾಡದೆ ನಿಂತಿತ್ತು. ದಿನಾ ಮನೆಯ ಮಹಡಿಯಿಂದ ನೋಡುವ ಬೆಟ್ಟವೇ. ಆದರೂ ಅದನ್ನು ನಾನೇ ಅಲ್ಲಿ ನಿಲ್ಲಿಸಿದೆನೇನೋ ಎನ್ನುವಷ್ಟು ಖುಷಿಯಾಯಿತು. ಗಾಡಿ ಪಕ್ಕಕ್ಕೆ ಹಾಕಿ ಸುಮ್ಮನೆ ಕನ್ನಡಿ ನೋಡುತ್ತ ಕೂತೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, "ಡೀಸೆಲ್ ಖಾಲಿಯಾಯ್ತಾ ಮೇಡಂ?" ಎಂದು ಕೇಳಿದರು.

ಒಂದು ಶಬ್ದ ಹೋದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ಹೊರಗೆ ಬರುತ್ತದೆ ಎಂದು ಆಮೇಲೆ ಗೊತ್ತಾಯಿತು. ಎಂಜಿನ್ನಿನ ನಡುಕದ ಸದ್ದು ಹೋದ ಮೇಲೆ ಬಾಗಿಲು ಗಡಗಡ ಎಂದಿತು. ಬಾಗಿಲು ಸುಮ್ಮನಾದರೆ ಡಿಕ್ಕಿ. ಕಾಲಡಿಯ ತಗಡು ಕಾದು ನನ್ನ ಚಪ್ಪಲಿಯ ಅಟ್ಟೆ ಮೆತ್ತಗಾಗುತ್ತಿತ್ತು. ಬಿಸಿ ತಡೆಯುವ ದಪ್ಪ ಹಾಸು ತರಿಸಿ ನಾನೇ ಕತ್ತರಿಸಿ ಅಂಟಿಸಿದೆ. ಕೈಬೆರಳೂ ಅಂಟಿಕೊಂಡಿತು. ಟೆಂಪೋದ ಉದ್ದನೆಯ ಗೇರ್ ಲಿವರ್ ಪ್ರತಿಸಲ ಮೊಣಕಾಲಿಗೆ ಬಡಿಯುತ್ತಿತ್ತು. ಕತ್ತರಿಸಿ ಗಿಡ್ಡ ಮಾಡಿಸಿದೆ. ಈಗ ಮೊಣಕಾಲು ಉಳಿಯಿತು, ಗೇರ್ ಹಾಕಲು ಎರಡು ಕೈ ಬೇಕಾಯಿತು. ಬಿಡುವಿದ್ದಾಗಲೆಲ್ಲ ಮೊಬೈಲಿನಲ್ಲಿ ಕಾರು ರಿಪೇರಿಯ ವಿಡಿಯೋ ನೋಡುತ್ತಿದ್ದೆ. ಕೋರ್ಟಿನಲ್ಲಿ ಒಮ್ಮೆ ಎದುರು ಪಕ್ಷದವರನ್ನು ಪಾಟೀಸವಾಲು ಮಾಡುವಾಗ "ಸೈಲೆನ್ಸರ್" ಎಂದುಬಿಟ್ಟೆ. ಹೇಳಬೇಕಾಗಿದ್ದುದು "ಸರ್ವೆಯರ್".

ಹೀಗೆ ವರ್ಷಗಳು ಕಳೆದು ಸೀಟು, ಬಣ್ಣ, ದೀಪ ಎಲ್ಲ ಒಂದು ಮಟ್ಟಕ್ಕೆ ಬಂದ ಮೇಲೆ ನನ್ನ ಕಣ್ಣು ಒಂದು ಕೆಂಪು ಗುಂಡಿಯ ಮೇಲೆ ಬಿತ್ತು. ಅಂಥ ಹಳೆಯ ಡೀಸೆಲ್ ಎಂಜಿನ್ ಬರೀ ಚಾವಿ ತಿರುಗಿಸಿದರೆ ನಿಲ್ಲುವುದಿಲ್ಲ. ಡೀಸೆಲ್ ಬರುವ ದಾರಿ ಮುಚ್ಚಬೇಕು. ಅದಕ್ಕೊಂದು ಕೇಬಲ್, ಕೇಬಲ್ಲಿನ ತುದಿಗೆ ಸ್ಟೀರಿಂಗ್ ಕೆಳಗೆ ಈ ಗುಂಡಿ. ಎಳೆದರೆ ಎಂಜಿನ್ ನಿಲ್ಲುತ್ತದೆ. ಬಡಗಿ ಕೊರೆದಂಥ ತೂತಿನಿಂದ ಜೋತಾಡುತ್ತಿದ್ದ ಆ ಗುಂಡಿ ನನ್ನ ಹೊಸ ಡ್ಯಾಶ್‌ಬೋರ್ಡಿನ ಅಂದ ಕೆಡಿಸುತ್ತಿತ್ತು. ಥಳಥಳಿಸುವ ಹೊಸ ಗುಂಡಿ ತರಿಸಿದೆ. ಕೇಬಲ್ ಕಣ್ಣಿಗೆ ಕಾಣದ ಹಾಗೆ ಒಳಗೊಳಗೇ ಮಡಚಿ, ನಾನೇ ಜೋಡಿಸಿದೆ.

"ಬೆಂಡು ಜಾಸ್ತಿ ಆಯ್ತು ಮೇಡಂ, ತುಂಡಾಗ್ತದೆ," ಎಂದ ಮೆಕ್ಯಾನಿಕ್.

"ವಿಡಿಯೋದಲ್ಲಿ ಹೀಗೇ ತೋರಿಸಿದ್ದಾರೆ," ಎಂದೆ.

ಆ ತಿಂಗಳೇ ಪಕ್ಕದ ಮನೆಯ ಹುಡುಗನ ಮದುವೆ. ಹೆಣ್ಣಿನ ಊರು ಅಜ್ಜಂಪುರ ದಾಟಿ ಅಂತರಘಟ್ಟೆಯ ದಿಕ್ಕಿನಲ್ಲಿ. ಹುಡುಗನ ತಾಯಿ ಬಂದು, "ಲಾಯರಮ್ಮ, ನಮ್ ಹುಡುಗ ನಿಮ್ ಕಾರಲ್ಲೇ ಹೋಗ್ಲಿ ಕಣ್ರೀ. ಎಂಥಾ ಲಕ್ಷಣವಾಗೈತೆ," ಎಂದರು. ಇಷ್ಟು ವರ್ಷದಲ್ಲಿ ಆ ಕಾರನ್ನು ಹೊಗಳಿದ ಮೊದಲ ಮನುಷ್ಯರು ಅವರು. ಡ್ರೈವರ್ ಬೇಡ, ನಾನೇ ಓಡಿಸುತ್ತೇನೆ ಎಂದೆ. ಬೆಳಿಗ್ಗೆ ಟ್ಯಾಂಕ್ ಭರ್ತಿ ಮಾಡಿಸಿ, ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿ, ಮುಂದೆ ಅತ್ತೆಯನ್ನೂ ಹಿಂದೆ ಮದುಮಗ ಮತ್ತು ಅವನ ಸೋದರಮಾವನನ್ನೂ ಕೂರಿಸಿಕೊಂಡು ಹೊರಟೆ. ದಿಬ್ಬಣದ ಬಸ್ಸು ನಮ್ಮ ಹಿಂದೆ. ಅದರ ಹಿಂದೆ ಬೈಕಿನಲ್ಲಿ ನಮ್ಮ ಯಜಮಾನರು.

ದಾರಿಯುದ್ದಕ್ಕೂ ಕಾರು ಒಂದು ಸಲವೂ ಕೆಮ್ಮಲಿಲ್ಲ. ಹಸೆಮಣೆಗೆ ಹತ್ತೇ ಹೆಜ್ಜೆ ದೂರದಲ್ಲಿ, ಚಪ್ಪರದ ಬಾಯಲ್ಲೇ ತಂದು ನಿಲ್ಲಿಸಿದೆ. ವಾಲಗ ಮೊಳಗಿತು. ಮದುಮಗ ಇಳಿದ. ನಾನು ಚಾವಿ ತಿರುಗಿಸಿ, ನಾಲ್ಕು ಜನ ನೋಡಲಿ ಎಂದು ಸ್ವಲ್ಪ ಜಂಭದಿಂದಲೇ ಗುಂಡಿ ಎಳೆದೆ. ಗುಂಡಿ ಬಂತು. ಅದರ ಜೊತೆ ಮೊಳದುದ್ದ ಕೇಬಲ್ಲೂ ಬಂತು. ಎಂಜಿನ್ ಓಡುತ್ತಲೇ ಇತ್ತು.

ಅತ್ತೆ ನನ್ನ ಎರಡೂ ಕೈ ನೋಡಿದರು. "ಚಾವಿ ಒಂದ್ ಕೈಲೈತೆ, ಬ್ರೇಕೋ ಏನೋ ಒಂದ್ ಕೈಲೈತೆ. ಇನ್ನೂ ಯಾಕೆ ಓಡ್ತೈತೆ?"

"ಡೀಸೆಲ್ ಎಂಜಿನ್ ಅತ್ತೆ. ಸ್ವಲ್ಪ ಹೊತ್ತು ಹೀಗೇ ಬಿಡ್ಬೇಕು," ಎಂದೆ.

"ಖಾಲಿ ಆಗೋಗಂಟಾ?"

ಟ್ಯಾಂಕ್ ಭರ್ತಿಯಾಗಿತ್ತಲ್ಲ.

ವಾಲಗ ನಿಂತ ಮೇಲೆ ಪುರೋಹಿತರು ಮಂತ್ರ ಶುರು ಮಾಡಿದರು. ನನ್ನ ಕಾರೂ ಜೊತೆಗೂಡಿತು. ಅವರು ಸ್ವಲ್ಪ ಹೊತ್ತು ತಡೆದುಕೊಂಡು, ಮೈಕಿನಲ್ಲೇ, "ಯಾರಪ್ಪಾ ಅಲ್ಲಿ, ಆ ಜನರೇಟರ್ ನಿಲ್ಲಿಸಿ," ಎಂದರು. ಅಡುಗೆ ಕಡೆಯಿಂದ ಒಬ್ಬ ಓಡಿಹೋಗಿ ನಿಜವಾಗಿಯೂ ಜನರೇಟರ್ ನಿಲ್ಲಿಸಿಬಿಟ್ಟ. ಕರೆಂಟ್ ಮೊದಲೇ ಹೋಗಿತ್ತು. ಮೈಕು ಸತ್ತಿತು, ಫ್ಯಾನು ನಿಂತವು, ದೀಪ ಆರಿದವು. ಪುರೋಹಿತರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಇಡೀ ಚಪ್ಪರದಲ್ಲಿ ಕೇಳುತ್ತಿದ್ದುದು ನನ್ನ ಕಾರೊಂದೇ. ಎಲ್ಲರೂ ಒಟ್ಟಿಗೆ ಈ ಕಡೆ ತಿರುಗಿದರು.

ಸಲಹೆಗಳು ಬಂದವು. ಹೆಣ್ಣಿನ ಚಿಕ್ಕಪ್ಪ ಒದ್ದೆ ಗೋಣಿಚೀಲ ತಂದು ಸೈಲೆನ್ಸರಿಗೆ ತುರುಕಿದರು. ಅದು ಢಬ್ ಎಂದು ಹಾರಿ ವಾಲಗದವರ ಮುಂದೆ ಬಿತ್ತು. ಇನ್ನೊಬ್ಬರು, "ಮುಹೂರ್ತ ಮುಗಿಯೋಗಂಟ ಊರ್ ಸುತ್ತಾಕ್ಕೊಂಡ್ ಬನ್ನಿ ಲಾಯರಮ್ಮ," ಎಂದರು. ಇದ್ದುದರಲ್ಲಿ ಮರ್ಯಾದೆ ಉಳಿಯುವ ಸಲಹೆ ಅದೊಂದೇ. ಚಾವಿ ಮತ್ತೆ ಸಿಕ್ಕಿಸಿದೆ. ಎರಡೂ ಕೈಯಲ್ಲಿ ಗಿಡ್ಡ ಲಿವರ್ ಹಿಡಿದು ಮೊದಲನೆ ಗೇರ್ ಎಂದುಕೊಂಡು ಯಾವುದೋ ಗೇರಿಗೆ ನೂಕಿ, ಒಂದು ಕಾಲು ಬ್ರೇಕಿನ ಮೇಲಿದೆ ಎನ್ನುವುದನ್ನೂ ಮರೆತು ಕ್ಲಚ್ ಬಿಟ್ಟೆ.

ಕಾರು ಒಮ್ಮೆ ಕುಲುಕಿ ನಿಂತುಹೋಯಿತು. ಎಂಜಿನ್ನೂ ನಿಂತಿತು.

ಆ ನಿಶ್ಶಬ್ದದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನೋಡುನೋಡುತ್ತ ಅರ್ಧ ಚಪ್ಪರ ತಟ್ಟಿತು. ಗೋಣಿಚೀಲದ ಚಿಕ್ಕಪ್ಪ ಕಿಟಕಿಗೆ ಬಗ್ಗಿ, "ಹೆಂಗ್ ನಿಲ್ಸಿದ್ರಿ ಮೇಡಂ?" ಎಂದು ಕೇಳಿದರು.

"ಅದಕ್ಕೊಂದು ಟೆಕ್ನಿಕ್ ಇದೆ," ಎಂದೆ.

ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಎಡಗಡೆ ಕೂತಿದ್ದವರು ಟೆಕ್ನಿಕ್ ಏನೆಂದು ಕೇಳಿದಾಗ ಪಾಯಸ ಹಾಕಿಸಿಕೊಂಡೆ. ಬಲಗಡೆ ಕೂತಿದ್ದ ನಮ್ಮ ಯಜಮಾನರು ಎಲೆಯಿಂದ ತಲೆ ಎತ್ತದೆ, "ಮೂರನೇ ಗೇರಾ?" ಎಂದು ಮೆಲ್ಲಗೆ ಕೇಳಿದರು. ಅವರಿಗೂ ಪಾಯಸ ಹಾಕಿಸಿದೆ.

ಸಂಜೆ ಗಂಡು ಹೆಣ್ಣಿಬ್ಬರನ್ನೂ ಕೂರಿಸಿಕೊಂಡು ತರೀಕೆರೆಗೆ ಬಂದೆವು. ಮದುಮಗಳು ಹೊಸ ಮನೆಯ ಮುಂದೆ ಇಳಿಯುವ ಮೊದಲು, "ಎಲ್ಲರೂ ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದು ಹೇಳಿ, ಈ ಸಲ ಬುದ್ಧಿಪೂರ್ವಕವಾಗಿ ಮೂರನೆಯ ಗೇರಿಗೆ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟೆ. ಮದುಮಗಳ ಬಾಸಿಂಗ ಓರೆಯಾಯಿತು. ಅವಳು ನಕ್ಕಳು. ಅವಳ ನಗು ನೋಡಿ ಅತ್ತೆಯೂ ನಕ್ಕರು. ಕೊನೆಗೆ ನನಗೂ ತಡೆಯಲಾಗಲಿಲ್ಲ.

ಮಾರನೆಯ ದಿನ ಮೆಕ್ಯಾನಿಕ್ ಹೊಸ ಕೇಬಲನ್ನು ನೇರವಾಗಿ, ಎಲ್ಲರ ಕಣ್ಣಿಗೂ ಕಾಣುವ ಹಾಗೆ ಎಳೆದು ಕಟ್ಟಿದ. ನಾನು ಟಾರ್ಚು ಹಿಡಿದು ನಿಂತಿದ್ದೆ. ಕಾರು ಮಾರಿಬಿಡು ಎಂದು ಯಜಮಾನರು ಒಂದೆರಡು ಸಲ ಹೇಳಿದರು. ಆದರೆ ಆ ಮದುವೆಯಾದ ಮೇಲೆ ಅತ್ತೆ ಬಸ್ಸು ಹತ್ತುವುದನ್ನೇ ಬಿಟ್ಟಿದ್ದಾರೆ. ಕಡೂರಿಗೆ ಕಣ್ಣು ತೋರಿಸಲು ಹೋಗಬೇಕಾದರೂ ಭಾನುವಾರದವರೆಗೆ ಕಾದು ಇದರಲ್ಲೇ ಬರುತ್ತಾರೆ. ಈ ತಿಂಗಳು ಎಡಗಡೆ ಮುಂಬಾಗಿಲಿನ ಗಾಜು ಏರಿಸುವ ಹಲ್ಲು ಸವೆದಿದೆ. ಗಾಜು ಮೇಲಕ್ಕೆ ತಂದರೂ ತಾನಾಗಿ ಜಾರಿ ಕೆಳಗಿಳಿಯುತ್ತದೆ. ಹೋದ ಭಾನುವಾರ ಕಡೂರಿನ ದಾರಿಯಲ್ಲಿ ಧೂಳೆದ್ದಾಗ, ನಿಲ್ಲಿಸಿ ಏನಾದರೂ ಸಿಕ್ಕಿಸಲೇ ಎಂದು ಕೇಳಿದೆ. ಅತ್ತೆ ಎರಡೂ ಅಂಗೈಯಿಂದ ಗಾಜನ್ನು ಮೇಲಕ್ಕೆ ಒತ್ತಿ ಹಿಡಿದಿದ್ದರು.

"ನೀ ಓಡ್ಸೇ, ನಾನ್ ಹಿಡ್ಕಂಡಿದ್ದೀನಿ," ಎಂದರು.