ಗೂಡಿಗೆ ಹಚ್ಚಿದ ಅರಿಸಿನ

ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಚಂದ್ರಿಕೆಯಿಂದ ಗಂಗಾ ರೇಷ್ಮೆಗೂಡು ಬಿಡಿಸುತ್ತಿದ್ದಳು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸುವಳು. ಒಳಗಿನ ಹುಳು ಚೆನ್ನಾಗಿ ಬಲಿತಿದ್ದರೆ ಕಟಕಟ ಸದ್ದು. ಇಲ್ಲದಿದ್ದರೆ ಆ ಗೂಡು ಪಕ್ಕದ ಬುಟ್ಟಿಗೆ. 2006ರ ಆ ಬೆಳಿಗ್ಗೆ ನಮಿತಾ ಬನವಾಸಿಯಲ್ಲಿ ಬಸ್ಸಿಳಿದು ಅವಳ ಮನೆಗೆ ಬಂದಾಗಲೂ ಗಂಗಾಳ ಕೈ ನಿಲ್ಲಲಿಲ್ಲ.

ಶಿರಸಿಯ ನಮಿತಾ ಧಾರವಾಡದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ರೇಷ್ಮೆಯನ್ನು ಕರಗಿಸಿ, ಸ್ಪಂಜಿನ ಹಾಗೆ ತೂತು ತೂತಾದ ಬಿಲ್ಲೆ ಮಾಡಿ, ಅದರೊಳಗೆ ಮೂಳೆಯ ಜೀವಕೋಶ ಬೆಳೆಸುವ ಕೆಲಸ. ಹೋದ ತಿಂಗಳು ಗಂಗಾಳ ಗೂಡುಗಳನ್ನು ಒಯ್ದಿದ್ದಳು. ಅಂದಿನಿಂದ ಗಂಗಾಳ ತಮ್ಮ ಕೆರಿಯಪ್ಪನಿಗೆ ಒಂದೇ ಹಟ. ಲಾರಿ ಬಡಿದು ಅವನ ಮೊಣಕಾಲ ಕೆಳಗಿನ ಮೂಳೆಯಲ್ಲಿ ಎರಡು ಬೆರಳಗಲ ಜಾಗ ಖಾಲಿ ಉಳಿದಿತ್ತು. ಸೊಂಟದಿಂದ ಮೂಳೆ ತೆಗೆದು ತುಂಬೋಣ, ತಡ ಮಾಡಿದಷ್ಟೂ ಕಷ್ಟ ಎಂದಿದ್ದರು ಹುಬ್ಬಳ್ಳಿಯ ಡಾಕ್ಟರು. "ಅಕ್ಕನ ರೇಷ್ಮೆ ಇರೋ ಮುಂದ ಸೊಂಟ ಯಾಕ ಕೆತ್ತಿಸ್ಲಿ?" ಎಂದು ಅವನು ಆಪರೇಷನ್ ಮುಂದೂಡುತ್ತ ಕೂತಿದ್ದ.

"ಗಂಗಕ್ಕ, ಗೂಡಿಗೆ ಎಂತ ಹಚ್ಚಿದ್ರಿ?" ನಮಿತಾ ಕೇಳಿದಳು. "ಅಂಟು ಬಿಡಿಸೋಕೆ ಸೋಡಾ ನೀರಲ್ಲಿ ಕುದಿಸಿದ್ರೆ ನೀರೆಲ್ಲ ಕೆಂಪು. ನಮ್ಮ ಸರ್ ರಕ್ತ ಅಂದ್ಕೊಂಡು ಹಿಂದೆ ಸರಿದ್ರು."

"ಸೋಡಾಕ್ಕ ಅರಿಸಿನ ಕೂಡಿ ಓಕುಳಿ ಆಗೇತಿ ಬಿಡ್ರಿ!" ಗಂಗಾ ನಕ್ಕಳು. "ಮೊದಲ ಗೂಡಿಗೆ ಅರಿಸಿನ ಹಚ್ಚಿ, ದೇವರ ಮುಂದಿಟ್ಟು ಆಮೇಲೆ ಹೊರಗ ಕೊಡೋದು ನಮ್ಮನಿ ಪದ್ಧತಿ. ಅದೂ ತಮ್ಮನ ಕಾಲಿಗೆ ಹೋಗೋ ಗೂಡು. ಒಂದ್ ಕೈ ಜಾಸ್ತೀನ ಬಳಿದೆ."

ಗೂಡಿನ ಬಣ್ಣವೇ ಹಳದಿಯಾದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

"ಜೀವಕೋಶ ಕಾಣ್ಲಿ ಅಂತ ಹೊಳೆಯೋ ಬಣ್ಣ ಹಾಕ್ತೇವೆ. ಕುದಿಸಿದ್ರೂ ಉಳಿದ ಅರಿಸಿನಾನೂ ಸೂಕ್ಷ್ಮದರ್ಶಕದಲ್ಲಿ ಮಿಣಮಿಣ ಹೊಳೀತು. ಜೀವಕೋಶ ಯಾವ್ದು, ಅರಿಸಿನ ಯಾವ್ದು ಗೊತ್ತೇ ಆಗ್ಲಿಲ್ಲ."

ಜಗಲಿಯಿಂದ ಕೆರಿಯಪ್ಪ ಕೂಗಿದ: "ಹಂಗಾದ್ರ ನನ್ ಕಾಲು ಕತ್ತಲಾಗೂ ಕಾಣ್ತಿತ್ತಲ್ರೀ!"

ಈ ಸಲ ಗಂಗಾ ನಗಲಿಲ್ಲ. "ಖರೇ ಹೇಳ್ರಿ ತಂಗಿ, ಇವನ ಕಾಲಿಗೆ ಯಾವಾಗ?"

"ಈಗಿನ್ನೂ ಗಾಜಿನ ತಟ್ಟೇಲಿ ಬೆಳೆಸ್ತಾ ಇದ್ದೇವೆ. ಆಮೇಲೆ ಮೊಲಕ್ಕೆ ಹಾಕಿ ನೋಡ್ಬೇಕು. ಮನುಷ್ಯರಿಗೆ ಬರೋಕೆ ಎಷ್ಟು ವರ್ಷವೋ, ನಂಗೂ ಗೊತ್ತಿಲ್ಲ. ಅವರು ಕಾಯೋದು ಬೇಡ, ಅಕ್ಕ."

ಗಂಗಾ ಕೈಯಲ್ಲಿದ್ದ ಗೂಡನ್ನು ಸುಮ್ಮನೆ ಕಿವಿಗೆ ಹಿಡಿದು ಅಲುಗಿಸಿದಳು. "ಕೇಳಿದೇನೋ?" ಎಂದಳು ತಮ್ಮನಿಗೆ.

"ಕೇಳ್ತಬೇ. ಮೊಲದ ಪಾಳಿ ಮೊದಲು."

ಅವಳು ಹೊಸ ಗೂಡುಗಳನ್ನು ಬಟ್ಟೆಚೀಲಕ್ಕೆ ತುಂಬಿದಳು. "ದೇವರ ಮುಂದರ ಇಡಬಹುದಾ?"

"ಇಡಿ. ಅರಿಸಿನ ಮಾತ್ರ ದೇವರಿಗೇ ಹಚ್ಚಿ."

ಮುಂದಿನ ಸೋಮವಾರ ಕೆರಿಯಪ್ಪ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿದ. ಅವನ ಸೊಂಟದ ಮೂಳೆಯ ಚೂರುಗಳನ್ನೇ ತೆಗೆದು ಕಾಲಿಗೆ ತುಂಬಿದರು.